ಪುಸ್ತಕ ಹಿಡಿದವಳ ತಪ್ಪು

ಆ ಇಂಗ್ಲೆಂಡಿನ ನಟ ಅವತ್ತು ಕುಡಿದಿರಲಿಲ್ಲ. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವವರು ತಪ್ಪಿದ್ದರು, ಅಷ್ಟೇ. ಅವನ ಚರಿತ್ರೆ ಬರೆದ ಪಂಡಿತರು ಏನು ಬೇಕಾದರೂ ಬರೆದುಕೊಳ್ಳಲಿ. ನಾಲ್ಕನೆಯ ಕ್ಲಾಸಿಗೇ ಸರಸ್ವತಿಗೆ ಕೈಮುಗಿದು ಒಲೆಯ ಮುಂದೆ ಕುಳಿತ ನಾನು ಈ ಒಂದು ವಿಷಯದಲ್ಲಿ ಅವರಿಗಿಂತ ಹೆಚ್ಚು ಬಲ್ಲೆ.

ಅವನ ಪರಿಚಯ ನನಗಾದದ್ದು ಶೇಂಗಾ ಸುಲಿಯುವಾಗ. ಮೊಮ್ಮಗಳು ಸುಮಾ ಹೊಸಪೇಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಾಳೆ. ಕಾಲೇಜಿನಲ್ಲಿ ಅವನ ಬಗ್ಗೆ ಭಾಷಣ ಮಾಡಬೇಕಿತ್ತು. ಕೇಳುವ ಕಿವಿ ಬೇರೆ ಸಿಗದೆ ನನ್ನೆದುರು ಕುಳಿತು, ಒಂದು ಸಾಲು ಇಂಗ್ಲಿಷಿನಲ್ಲಿ ಓದುವಳು, ಅದನ್ನೇ ಕನ್ನಡದಲ್ಲಿ ಹೇಳುವಳು. ಅವನ ತಾಯಿ ನಾಟಕದವರ ಬಟ್ಟೆ ಹೊಲಿಯುತ್ತಿದ್ದಳಂತೆ. ಅವನ ಮೊದಲ ಪಾರ್ಟು ಕುದುರೆಯ ಹಿಂಗಾಲು. ಆಮೇಲೆ ತಿರುಗಾಟದ ಕಂಪನಿ ಸೇರಿ, ಗಾಡಿಯಲ್ಲಿ ಊರೂರು ಅಲೆದು, ದನದ ಕೊಟ್ಟಿಗೆಗಳಲ್ಲೂ ಕಾಳಿನ ಉಗ್ರಾಣಗಳಲ್ಲೂ ಆಡಿ, ಕಡೆಗೆ ರಾಜಧಾನಿಯ ದೊಡ್ಡ ರಂಗಮಂದಿರದಲ್ಲಿ ಕಿರೀಟ ಧರಿಸಿ ನಿಂತನಂತೆ. ನಿಜವಾದ ರಾಜನೇ ಬಂದು ಈ ಬಣ್ಣದ ರಾಜನಿಗೆ ಚಪ್ಪಾಳೆ ತಟ್ಟಿದನಂತೆ. ಆಮೇಲೊಂದು ಸಂಜೆ, ತುಂಬಿದ ಸಭೆಯಲ್ಲಿ, ಯಾವುದೋ ದೃಶ್ಯದ ಮಾತನ್ನು ಇನ್ಯಾವುದೋ ದೃಶ್ಯದಲ್ಲಿ ಆಡಿ, ಗಕ್ಕನೆ ನಿಂತು ಮೂಕನಾದ. ಜನ ಕಿತ್ತಳೆ ಸಿಪ್ಪೆ ಎಸೆದರು. ಮರುದಿನ ಪತ್ರಿಕೆಗಳು ಅವನು ಕುಡಿದಿದ್ದನೆಂದು ಬರೆದವು. ಮತ್ತೆ ಯಾರೂ ಪಾರ್ಟು ಕೊಡಲಿಲ್ಲ. ಬಾಡಿಗೆಯ ಕೋಣೆಯಲ್ಲಿ ಸತ್ತ.

"ಪುಸ್ತಕ ಹಿಡಿದೋರು ಯಾರು ಅವತ್ತು?" ಎಂದು ಕೇಳಿದೆ.

"ಅದನ್ನ ಯಾರು ಬರೀತಾರಜ್ಜಿ?"

"ಅದನ್ನ ಬಿಟ್ಟು ಉಳಿದದ್ದೆಲ್ಲ ಬರ್ದಾರ ನೋಡು. ಕುದುರೆ ಹಿಂಗಾಲು ಸೈತ ಬರ್ದಾರ."

"ನಿನಗ್ಯಾಕ ಅವನ ಮ್ಯಾಲೆ ಇಷ್ಟು ಕನಿಕರ? ನಿನ್ನ ಅಣ್ಣೇನು ಅವನು?" ಎಂದು ನಕ್ಕಳು. ನನ್ನ ಕೈಯ ಶೇಂಗಾ ಕೈಯಲ್ಲೇ ಉಳಿಯಿತು.

ನನ್ನ ಅಣ್ಣ ಬಸಣ್ಣ ನಮ್ಮ ತವರೂರು ಮೆಟ್ರಿಯಲ್ಲಿದ್ದಾನೆ. ಪ್ರಾಯದಲ್ಲಿ ಅವನು ಕಿರೀಟ ಇಟ್ಟು ನಿಂತರೆ ಕಂಪ್ಲಿಯಿಂದ ಕಮಲಾಪುರದವರೆಗಿನ ಜನ ಬಂದು ಕೂರುತ್ತಿದ್ದರು. ಅವನಿಗೆ ಅಕ್ಷರ ಬಾರದು. ನಾಟಕದ ಪುಸ್ತಕವನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ರೊಟ್ಟಿ ಬಡಿಯುತ್ತಾ ನಾನು ಓದುತ್ತಿದ್ದೆ. ಅವನು ಒಲೆಯ ಮುಂದೆ ಕುಳಿತು ಒಪ್ಪಿಸುತ್ತಿದ್ದ. ಮನೆಯಲ್ಲಿ ವಿದ್ಯಾವಂತೆ ಎಂದರೆ ನಾನೊಬ್ಬಳೇ, ಹಾಗಾಗಿ ಪರದೆಯ ಮರೆಯಲ್ಲಿ ಪುಸ್ತಕ ಹಿಡಿಯುವ ಉದ್ಯೋಗವೂ ನನ್ನದೇ. ಮದುವೆಯಾಗಿ ಹೊಸಪೇಟೆಗೆ ಬಂದ ಮೇಲೂ ನಾಟಕವಿದ್ದರೆ ತವರಿಗೆ ಓಡುತ್ತಿದ್ದೆ.

ನಮ್ಮ ಕಡೆಯ ನಾಟಕ ನೀವು ನೋಡಿರದಿದ್ದರೆ ಆಯೇರಿಯ ವಿಷಯ ಹೇಳಬೇಕು. ಆಟದ ನಡುವೆಯೇ ಪಾತ್ರಧಾರಿಯ ನೆಂಟರು ರಂಗವೇರಿ ಉಡುಗೊರೆ ಕೊಡುತ್ತಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಹೇಳಬೇಕು. ಅಲ್ಲಿಯವರೆಗೆ ಕಥೆ ಕಾಯುತ್ತದೆ. ಯುದ್ಧದಲ್ಲಿ ಸತ್ತುಬಿದ್ದ ಸೇನಾಪತಿ ಎದ್ದು ಕುಳಿತು, ಮಾವನ ಮನೆಯ ಟವೆಲ್ಲನ್ನು ಹೆಗಲಿಗೆ ಹಾಕಿಸಿಕೊಂಡು, ಸಭೆಗೆ ಕೈಮುಗಿದು, ಶ್ರದ್ಧೆಯಿಂದ ಮತ್ತೆ ಸತ್ತದ್ದನ್ನು ಈ ಕಣ್ಣುಗಳೇ ಕಂಡಿವೆ.

ಎಷ್ಟೋ ವರ್ಷಗಳ ಹಿಂದೆ, ಅಂಥದೊಂದು ನಾಟಕದ ರಾತ್ರಿ, ನಾನೂ ಅಣ್ಣನಿಗೆ ಒಂದು ರೇಷ್ಮೆ ಅಂಗಿ ತಂದಿದ್ದೆ. ಪುಸ್ತಕವನ್ನು ಸ್ಟೂಲಿನ ಮೇಲೆ ತೆರೆದೇ ಇಟ್ಟು, ಗುರುತಿಗೊಂದು ಕಡ್ಡಿಯನ್ನೂ ಇಡದೆ, ಸೆರಗು ಸರಿಮಾಡಿಕೊಂಡು ರಂಗ ಹತ್ತಿದೆ. ಮೈಕಿನಲ್ಲಿ ನನ್ನ ಹೆಸರು ಮೊಳಗಿತು. ಜನ್ಮದಲ್ಲಿ ಅದೇ ಮೊದಲು. ಆ ಉಬ್ಬಿನಲ್ಲಿ ಮರಳಿ ಬಂದು ಪುಸ್ತಕ ಎತ್ತಿಕೊಂಡರೆ, ಗಾಳಿ ನಾಲ್ಕು ಹಾಳೆ ಮುಂದೆ ಓದಿಕೊಂಡಿತ್ತು. ನಾನು ನೋಡಲೂ ಇಲ್ಲ. ಕಣ್ಣಿಗೆ ಬಿದ್ದದ್ದನ್ನು ಓದಿಕೊಟ್ಟೆ.

ರಂಗದ ಮೇಲೆ ರಾಣಿ ಅಳುತ್ತಿದ್ದಳು. ರಾಜ ಸಮಾಧಾನ ಹೇಳಬೇಕಿತ್ತು. ನಮ್ಮಣ್ಣ ಒಂದು ಕ್ಷಣ ತಡೆದು, ನನ್ನ ಕಡೆ ನೋಡಿ, ಗುಡುಗಿದ: "ಎಲೈ ದ್ರೋಹಿ! ನಿನ್ನ ಮೀಸೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ ಮಾಡಿಸುತ್ತೇನೆ!"

ರಾಣಿ ತನ್ನ ಮೇಲ್ತುಟಿ ಮುಟ್ಟಿಕೊಂಡಳು. ಜನ ಬಿದ್ದು ಬಿದ್ದು ನಕ್ಕರು. ಅಣ್ಣ ಮತ್ತೆ ನನ್ನ ಕಡೆ ನೋಡಿದ. ನಾನಿನ್ನೂ ಸರಿಯಾದ ಪುಟ ಹುಡುಕುತ್ತಾ ಹಾಳೆ ಮಗುಚುತ್ತಿದ್ದೆ. ಅವನು ಕಂಬದಂತೆ ನಿಂತುಬಿಟ್ಟ. "ಹಾಕ್ಯಾನಲೇ ಮಗ!" ಎಂದು ಯಾರೋ ಕೂಗಿದರು. ನಾಟಕ ಕಲಿಸಿದ ಮಾಸ್ತರು ತಮ್ಮ ಮಾನ ಉಳಿಸಿಕೊಳ್ಳಲು ಮೈಕು ಹಿಡಿದು, ರಾಜರು ಸ್ವಲ್ಪ ಏರಿಸಿಕೊಂಡಿದ್ದಾರೆ, ಮಹಾಜನರು ಕ್ಷಮಿಸಬೇಕು ಎಂದರು. ನಮ್ಮಣ್ಣನೋ ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಹೆಂಡದ ವಾಸನೆಗೇ ಮೂಗು ಮುಚ್ಚುತ್ತಿದ್ದ ಮನುಷ್ಯ. ಅವನು ಎದುರಾಡಲಿಲ್ಲ. ಓದು ಬಲ್ಲ ತಂಗಿ ತಪ್ಪಿಯಾಳೆಂದು ಅವನಿಗೆ ಹೊಳೆಯಲೇ ಇಲ್ಲ; ತನ್ನ ಕಿವಿಯೇ ತಪ್ಪಿತೆಂದು ನಂಬಿದ, ಮತ್ತೆ ಬಣ್ಣ ಹಚ್ಚಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಮೊದಲು ನಾಚಿಕೆಗೆ ಬಿಡಲಿಲ್ಲ, ಆಮೇಲೆ ಹಳೆಯದಾಯಿತೆಂದು ಬಿಡಲಿಲ್ಲ.

ಆದರೆ ಅದು ಹಳೆಯದಾಗಿರಲಿಲ್ಲ. ಸುಮಾ ಭಾಷಣ ಓದಿ ಹೇಳಿದ ಆ ವಾರವೇ ಅಣ್ಣನ ಸೊಸೆ ಫೋನಿನಲ್ಲಿ ಹೇಳಿದ್ದಳು: "ಅತ್ತೀ, ಊರ ಹುಡುಗ್ರು ನಾಟಕ ಆಡ್ತಾರ್ರಿ. ಮಾವ ಭಾಳ ಆಸೆಪಟ್ಟು ಋಷಿ ಪಾರ್ಟು ಕೇಳಿದ್ರು. 'ಬ್ಯಾಡ ತಾತ, ನೀ ಏರಿಸ್ಕೊಂಡು ಬಂದ್ರ ಯಾರ್ ಮೀಸೆ ಬೋಳಿಸ್ತಿಯೋ' ಅಂದು ಕಳಿಸ್ಯಾರ. ಎರಡು ದಿನದಿಂದ ಸರಿಯಾಗಿ ಉಂಡಿಲ್ರಿ."

ನೀವೇ ಹೇಳಿ, ಆಗ ಹುಟ್ಟೇ ಇರದ ಹುಡುಗರಿಗೂ ತಲುಪಿದ ಮಾತು ಹಳೆಯದಾದೀತೇ? ಇಂಗ್ಲೆಂಡಿನವನಿಗೆ ನ್ಯಾಯ ಕೊಡಿಸುವ ಕಾಲ ಮೀರಿದೆ. ಪುಸ್ತಕ ಹಿಡಿದವರು ಯಾರೋ, ಬಾಯಿ ಮುಚ್ಚಿಕೊಂಡೇ ಸತ್ತರು. ನಾನಿನ್ನೂ ಸತ್ತಿಲ್ಲ.

ಇದೆಲ್ಲವನ್ನೂ ಸುಮಾಗೆ ಹೇಳಿದೆ. ಅವಳು ಭಾಷಣದ ಹಾಳೆ ಬದಿಗಿಟ್ಟು, "ಫೋನ್ ಹಚ್ಚಿ ಕೊಡ್ಲೇನು?" ಎಂದಳು.

"ಬ್ಯಾಡ. ಮೈಕಿನಾಗ ಹೋದ ಮಾನ ಫೋನಿನಾಗ ಬರಂಗಿಲ್ಲ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಂಪ್ಲಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಮೆಟ್ರಿಗೆ ಬಂದು, ನೇರ ಹನುಮಪ್ಪನ ಗುಡಿಗೆ ನಡೆದೆ. ಮೈಕಿನಲ್ಲಿ ಭಕ್ತಿಗೀತೆ ಮೊಳಗುತ್ತಿತ್ತು. ಪೂಜಾರಿಗೆ, "ಹಾಡು ಆರ್ಸಪ್ಪಾ, ದೇವ್ರು ಐದು ನಿಮಿಷ ತಡಕೊಳ್ತಾನ" ಎಂದು ಮೈಕು ಇಸಿದುಕೊಂಡೆ.

"ನಾನು ಬಸಣ್ಣನ ತಂಗಿ ಗಂಗಮ್ಮ, ಹೊಸಪೇಟೆಯಿಂದ ಬಂದೀನಿ. ನಮ್ಮಣ್ಣ ಅವತ್ತು ಕುಡಿದಿರ್ಲಿಲ್ಲ, ಯಾವತ್ತೂ ಕುಡಿದಿಲ್ಲ. ಪುಸ್ತಕದ ಹಾಳಿ ತಪ್ಪಿಸಿ ಓದಿಕೊಟ್ಟಾಕಿ ನಾನು. ನಾಟಕ ಆಡೋ ಹುಡುಗ್ರಾ, ಕೇಳಿಸ್ತೇನು? ಪಾರ್ಟು ಕೊಡೋದು ಬಿಡೋದು ನಿಮಗ ಸೇರಿದ್ದು. ನನ್ನ ಮಾತ್ರ ಪುಸ್ತಕ ಹಿಡಿಯಾಕ ಕರೀಬ್ಯಾಡ್ರಿ."

ಮೈಕು ಕೊಟ್ಟು ಹೊರಗೆ ಬಂದೆ. ಬೀದಿಯ ಬಾಗಿಲುಗಳಲ್ಲೆಲ್ಲ ಜನ ನಿಂತಿದ್ದರು. ಆ ತುದಿಯಿಂದ ಅಣ್ಣ ಬರುತ್ತಿದ್ದ. ಗಡ್ಡ ಅರ್ಧ ಹೆರೆದಿದ್ದ, ಎಡಗೆನ್ನೆಯ ತುಂಬ ಸೋಪಿನ ನೊರೆ. ನನ್ನೆದುರು ನಿಂತು, ಉಸಿರು ತಂದುಕೊಂಡು ಕೇಳಿದ: "ಹಂಗಾರ ಖರೇ ಮಾತು ಏನಿತ್ತಲೇ ಅಲ್ಲಿ?"

"ದೇವೀ, ಕಣ್ಣೊರೆಸಿಕೋ, ಗೆದ್ದು ಬರುತ್ತೇನೆ" ಎಂದೆ.

"ಅದು ನನಗ ಬರ್ತಿತ್ತಲ್ಲಲೇ, ಕತ್ತೇ! ಬಾಯಿ ತುದಿಗೇ ಇತ್ತು! ನೀ ಓದಿದ್ದು ಸುಳ್ಳಾಗಂಗಿಲ್ಲಂತ ನುಂಗಿಕೊಂಡೆ!"

ಊರೆಲ್ಲ ನೋಡುತ್ತಿದ್ದಂತೆ, ಕೆನ್ನೆಯ ಸೋಪು ಒಣಗಿ ಉದುರುವವರೆಗೂ ಬೈದ. ರಾಜನ ಕಂಠ ಎಲ್ಲಿಯೂ ಹೋಗಿರಲಿಲ್ಲ. ನಾನು ನಿಂತು ಪೂರ್ತಿ ಕೇಳಿದೆ.