ಕಡಲಹಕ್ಕಿಗೆ ಹಾಕಿದ ಸೊನ್ನೆ

ಅವರ ಎಡಗಾಲಿನ ಚಪ್ಪಲಿ ಯಾವಾಗಲೂ ಬಲಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು. ಬೋರ್ಡಿನ ಮೇಲೆ ಒಂದು ಸಾಲು ಬರೆದು, ಎಡ ಹಿಮ್ಮಡಿಯ ಮೇಲೆ ಗರ್ರನೆ ತಿರುಗಿ ನಮ್ಮನ್ನು ನೋಡುವುದು, ಮತ್ತೆ ತಿರುಗಿ ಬರೆಯುವುದು. ಶಹಾಪುರದ ಕಾಲೇಜಿನಲ್ಲಿ ಮೂರು ವರ್ಷ ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಸರ್ ಕುರ್ಚಿಯಲ್ಲಿ ಕುಳಿತದ್ದು ನನಗೆ ನೆನಪಿಲ್ಲ. ಚಹಾ ಸಹ ನಿಂತೇ ಕುಡಿಯುತ್ತಿದ್ದರು, ಅದೂ ಅರ್ಧ. "ಕುಂತ್ರ ತಲಿನೂ ಕುಂತುಬಿಡ್ತದ" ಎನ್ನುತ್ತಿದ್ದರು. ಅವರ ಪಾಠ ಮುಗಿಯುವಷ್ಟರಲ್ಲಿ ಬೆಂಚಿನ ಮೇಲೆ ಕುಳಿತ ನಮಗೇ ಕಾಲು ನೋಯುತ್ತಿತ್ತು.

ಪ್ರಯೋಗಾಲಯದ ಕಪಾಟಿನಲ್ಲಿ ಹತ್ತಿ ತುಂಬಿದ ಒಂದು ಕಂದು ಹಕ್ಕಿಯಿತ್ತು. ಶಿಯರ್‌ವಾಟರ್, ಅಲೆಗೆ ರೆಕ್ಕೆ ತಾಗಿತೇನೋ ಎನ್ನುವಷ್ಟು ಕೆಳಗೆ ಹಾರುವ ಕಡಲಹಕ್ಕಿ. ಕರಾವಳಿಯ ಯಾರೋ ಬಹಳ ಹಿಂದೆ ಕೊಟ್ಟದ್ದಂತೆ. ನಮ್ಮಲ್ಲಿ ಯಾರೂ ಕಡಲು ಕಂಡವರಲ್ಲ, ಸರ್ ಕೂಡ ಕಂಡಿರಲಿಲ್ಲ. ಆದರೂ ಅದರ ಕೊಕ್ಕಿನ ಮೇಲಿನ ಮೂಗಿನ ಕೊಳವೆ ತೋರಿಸುವಾಗ ನಿನ್ನೆಯಷ್ಟೇ ದೋಣಿಯಿಂದ ಇಳಿದು ಬಂದವರ ಹಾಗೆ ಮಾತಾಡುತ್ತಿದ್ದರು. ಅದರ ಕುಲ, ಅಂದರೆ ಜೀನಸ್, ಪಫಿನಸ್ ಎಂದು ಇಪ್ಪತ್ತು ವರ್ಷ ಕಲಿಸಿದ್ದರು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾದರಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಹೆಸರಿನ ಚೀಟಿ ಮಗುಚಿ, ಗುರುತಿಸಿ ವರ್ಗೀಕರಿಸಿ ಎನ್ನುವುದು ಪದ್ಧತಿ. ಐದನೆಯದು ಈ ಹಕ್ಕಿ. ನಾನು ಹಿಂದೆ ಫೋನಿನಲ್ಲಿ ಓದಿದ್ದಂತೆ ಅದರ ಕುಲ 'ಆರ್ಡೆನಾ' ಎಂದು ಬರೆದೆ. ಸರ್ ಅದಕ್ಕೆ ಕೆಂಪು ಸೊನ್ನೆ ಸುತ್ತಿದರು.

"ಒಮ್ಮೆ ನೋಡ್ರಿ ಸರ್, ಹೆಸರು ಬದಲಾಗ್ಯಾದ" ಎಂದೆ.

"ಹಕ್ಕಿ ಸತ್ತು ಐವತ್ತು ವರ್ಷ ಆಗ್ಯಾದ. ಈಗ ಹೆಸರು ಬದ್ಲಿ ಮಾಡ್ಕೊಂತದೇನು?"

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಅದೇ ವಾರ ಅಪ್ಪ ಸುರಪುರದಿಂದ ಬಂದು, ಮಗಳನ್ನು ಎಂ.ಎಸ್ಸಿ.ಗೆ ಕಳಿಸಲೇ ಎಂದು ಅವರನ್ನೇ ಕೇಳಿದರು. ಅಪ್ಪನಿಗೆ ಮಾಸ್ತರರ ಮಾತೆಂದರೆ ಮುಗಿಯಿತು. "ಹುಡುಗಿ ಶಾಣ್ಯಾಕಿ ಅದಾಳ್ರಿ. ಆದ್ರ ಮನಸ್ಸಿಗೆ ಬಂದಿದ್ದು ಬರೀತಾಳ. ಇಷ್ಟು ಸಾಕು" ಎಂದರಂತೆ ಸರ್. ಅಲ್ಲಿಗೆ ನನ್ನ ಓದು ನಿಂತು, ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಯಿತು. ಆ ಬೇಸಿಗೆಯಲ್ಲಿ ನಾನು ಒಂದು ಕಡೆ ನಿಂತವಳಲ್ಲ. ಅಡುಗೆಮನೆ, ಮಾಳಿಗೆ, ಮತ್ತೆ ಅಡುಗೆಮನೆ. ಸರ್ ಮೇಲಿನ ಸಿಟ್ಟಿಗೆ ಅವ್ವನ ಎರಡು ತಟ್ಟೆ ನೆಗ್ಗಿದವು.

ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಸುಡುಬಿಸಿಲಿನಲ್ಲಿ ಸರ್ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಝೆರಾಕ್ಸ್ ಹಾಳೆಗಳ ಕಟ್ಟು. ಅವ್ವ ಚಾಪೆ ಹಾಸಿದಳು, ಅವರು ಕೂರಲಿಲ್ಲ.

"ನಿಮ್ಮ ಮಗಳು ಬರ್ದದ್ದು ಬರೋಬರಿ ಅದರಿ. ಗಲತಿ ನಂದು" ಎಂದರು ಅಪ್ಪನಿಗೆ.

ಅಪ್ಪನಿಗೆ ಗಾಬರಿ. ಸರ್ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಪಾಠವನ್ನೇ ತೆಗೆದರು. ನೋಡಲು ಒಂದೇ ಥರ ಇವೆಯೆಂದು ದೊಡ್ಡ ಶಿಯರ್‌ವಾಟರ್, ಸಣ್ಣ ಶಿಯರ್‌ವಾಟರ್ ಎರಡನ್ನೂ ವಿಜ್ಞಾನಿಗಳು ಮೊದಲು ಒಂದೇ ಕುಲಕ್ಕೆ ಸೇರಿಸಿದ್ದರಂತೆ. ಡಿಎನ್‌ಎ ಪರೀಕ್ಷಿಸಿದಾಗ ದೊಡ್ಡವುಗಳದು ಬೇರೆಯೇ ಕವಲೆಂದು ಗೊತ್ತಾಗಿ, ಅವು ಆರ್ಡೆನಾ ಕುಲಕ್ಕೆ ಹೋದವು. ಸಣ್ಣವು ಪಫಿನಸ್‌ನಲ್ಲೇ ಉಳಿದವು. ನಮ್ಮ ಕಪಾಟಿನದು ದೊಡ್ಡದು. ಜವಳಿ ಅಂಗಡಿಯ ನಮ್ಮಪ್ಪ ಪ್ರತಿ ಮಾತಿಗೂ "ಹೌದ್ರಿ" ಎನ್ನುತ್ತಿದ್ದರು.

"ಇಷ್ಟು ವರ್ಷದಿಂದ ಕಲಸಾಕತ್ತೀನಿ, ನಾ ನೋಡಲಿಲ್ಲ. ಆಕಿ ನೋಡಿದ್ಲು. ಮಾರ್ಕ್ಸ್ ಯುನಿವರ್ಸಿಟಿಗಿ ಹೋಗಿಬಿಟ್ಟಾವ, ತಿದ್ದಾಕ ಬರಂಗಿಲ್ಲ. ಆದ್ರ ಆಕಿನ್ನ ಓದಿಸ್ರಿ. ನಾ ಅವತ್ತ ಹೇಳಿದ ಮಾತು ವಾಪಸ್ ತಗೋತೀನಿ."

ನೀರು ಕುಡಿದು ಹೊರಟೇಬಿಟ್ಟರು. "ಕೆಂಭಾವಿ ಬಸ್ ಸಿಗ್ತದೇನು? ನನ್ನ ಶಿಷ್ಯ ಒಬ್ಬ ಅಲ್ಲಿ ಮಾಸ್ತರ ಆಗ್ಯಾನ. ಅವನೂ ಇದನ್ನೇ ಕಲಸಾಕತ್ತಿರ್ತಾನ, ಹೇಳಬೇಕು." ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ. ಸಂಜೆ ಅಪ್ಪ ಅರ್ಜಿ ಯಾವಾಗ ಹಾಕಬೇಕೆಂದು ಕೇಳಿದರು.

ಎಂ.ಎಸ್ಸಿ. ಸೇರಿದ ದಿನ ಸರ್ ಫೋನ್ ಮಾಡಿದರು.

"ಸಿಟ್ಟು ಇನ್ನಾ ಅದೇನವಾ?"

"ಅದರಿ ಸರ್."

ನಕ್ಕರು. ಮುಂದೆ ಪ್ರತಿ ಸೆಮಿಸ್ಟರಿಗೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ನಗು. ಅದು ನಮ್ಮಿಬ್ಬರ ಆಟವೆಂದೇ ನಾನು ತಿಳಿದಿದ್ದೆ.

ನನ್ನ ಕೊನೆಯ ಪರೀಕ್ಷೆಗೆ ಮುಂಚೆ ಅವರು ಯಾದಗಿರಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು, "ಆ ಸುರಪುರದ ಹುಡುಗಿ ಸಿಟ್ಟು ಇನ್ನಾ ಹೋಗಿಲ್ಲ ಅಂತ ಭಾಳ ಮನಸಿಗಿ ಹಚ್ಕೊಂಡಿದ್ರವಾ" ಎಂದರು.

ಅವತ್ತು ಸರ್ ನಮ್ಮ ಮನೆಯ ಮೆಟ್ಟಿಲು ಇಳಿಯುವ ಮೊದಲೇ ನನ್ನ ಸಿಟ್ಟು ಇಳಿದಿತ್ತು ಎಂದು ಆಕೆಗೆ ಹೇಳಿದೆ. ಹೇಳಬೇಕಾದವರಿಗೆ ಹೇಳಲಿಲ್ಲ.