ಹುಳದ ಮನೆಯ ಹೊಸ್ತಿಲು

ನಮ್ಮ ಮನೆಯ ರೇಷ್ಮೆ ಹುಳಗಳನ್ನು ಕೊಂದದ್ದು ನಾನು. ನನ್ನ ಅತ್ತಿಗೆ ಸವಿತ ಅಲ್ಲ. ಹೊಂಗನೂರಿನಲ್ಲಿ ನಮ್ಮ ಮನೆಯನ್ನು ಬಲ್ಲವರೆಲ್ಲ ಇಪ್ಪತ್ತು ವರ್ಷದಿಂದ ಅತ್ತಿಗೆಯೇ ಕೊಂದದ್ದು ಅಂತ ನಂಬಿಕೊಂಡು ಬಂದಿದ್ದಾರೆ. ನಂಬಲಿ ಅಂತ ನಾನು ಬಿಟ್ಟೆ — ಬಿಟ್ಟೆ ಅನ್ನುವುದೂ ಸರಿಯಲ್ಲ, ನಂಬಿಸಿದೆ.

ಇಷ್ಟು ದಿನ ಇಲ್ಲದ್ದು ಈಗೇಕೆ ಅಂದರೆ, ಹೋದ ವಾರ ಊರಿನ ಹಳೇ ಮನೆಯ ಅಟ್ಟ ಖಾಲಿ ಮಾಡಿದೆವು.

ನನ್ನ ಸುದ್ದಿ ದೊಡ್ಡದೇನಿಲ್ಲ. ರಾಮನಗರದಲ್ಲಿದ್ದೇನೆ. ಯಜಮಾನರು ಬಿಡದಿ ಕಡೆಯ ಕಾರ್ಖಾನೆಗೆ ಜನ ಸಾಗಿಸುವ ಬಸ್ಸು ಓಡಿಸುತ್ತಾರೆ. ಮಗ ಡಿಪ್ಲೊಮಾ ಓದುತ್ತಿದ್ದಾನೆ, ಹಾಗಂತ ಅವನೇ ಹೇಳುತ್ತಾನೆ. ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ಮಂಡಿ ನೋವು ಶುರುವಾದ ಮೇಲೆ ಮಿಷನ್ನಿಗೆ ಮೋಟಾರು ಹಾಕಿಸಿಕೊಂಡೆ, ಆರಾಮಾಗಿದೆ. ಊರಿನಲ್ಲಿ ಅಣ್ಣ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಲು ಹೊರಟಿದ್ದಾನೆ. ಸಾಮಾನು ಇಳಿಸೋಕೆ ಬಾ ಅಂತ ಫೋನು ಮಾಡಿದ, ಹೋದೆ.

ಅಟ್ಟದ ಧೂಳಿಗೆ ಸೀನುತ್ತಾ ಸೀನುತ್ತಾ ಎಷ್ಟು ಖುಷಿಪಟ್ಟೆನೋ! ಅವ್ವನ ಎಲೆಅಡಿಕೆ ಚೀಲ ಸಿಕ್ಕಿತು, ಒಳಗೆ ಒಣಗಿ ಕಲ್ಲಾದ ಸುಣ್ಣದ ಡಬ್ಬಿ ಸಮೇತ. ನನ್ನ ಟಿಫನ್ ಕ್ಯಾರಿಯರ್ ಸಿಕ್ಕಿತು, ಮುಚ್ಚಳದ ಮೇಲೆ ಮೊಳೆಯಲ್ಲಿ ಗೀಚಿದ ಹೆಸರು ಹಾಗೇ ಇತ್ತು. ಟೇಪು ಹೊರಬಂದ ಕ್ಯಾಸೆಟ್ಟುಗಳು, ನಾವಿಬ್ಬರೂ ಕಿತ್ತಾಡಿದ್ದ ಅರಗಿನ ಬಣ್ಣದ ಬುಗುರಿ. ಅಣ್ಣ ಅದನ್ನು ಅಲ್ಲೇ ಆಡಿಸಲು ಹೋಗಿ ಆಗದೆ, "ಕೈ ಬಿದ್ದೋಗೈತೆ ಕಣೆ" ಅಂತ ನಕ್ಕ. ಮೂಲೆಯಲ್ಲಿ ಚಂದ್ರಿಕೆಗಳು ಒರಗಿದ್ದವು. ಹಣ್ಣಾದ ಹುಳ ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟಿಗಳು ಅವು. ಸವರಿದರೆ ಅಂದಿನ ನೂಲು ಇಂದೂ ಬೆರಳಿಗೆ ಅಂಟುತ್ತಿತ್ತು. ಇಬ್ಬರೂ ಸುಮ್ಮನೆ ಅದನ್ನು ಸವರುತ್ತಾ ಕೂತಿದ್ದೆವು.

ಆಮೇಲೆ ಅಣ್ಣ ಒಂದು ಬಿಸ್ಕತ್ತಿನ ಡಬ್ಬ ತೆಗೆದ. ನನ್ನದೇ. ರಿಬ್ಬನ್ನು, ಕ್ಲಿಪ್ಪು, ಒಡೆದ ಬಳೆ — ಅಡಿಯಲ್ಲಿ ಅಂಗೈಯಗಲದ ಬಿಳೀ ಪ್ಲಾಸ್ಟಿಕ್ ಮಿಷನ್ನು. ನೀಲಿ ಬಿಲ್ಲೆ ಇಟ್ಟು ಕರೆಂಟಿಗೆ ಸಿಕ್ಕಿಸಿದರೆ ಸೊಳ್ಳೆ ಓಡಿಸುವಂಥದ್ದು.

"ಸೊಳ್ಳೆ ಮಿಷನ್ನು ಅಲ್ವಾ ಇದು?" ಅಂದ ಅಣ್ಣ. "ಹುಳ ಮೇಯ್ಸೋ ಮನೇಲಿ ಇದ್ಯಾವಾಗ ಬಂತು?"

"ನಂಗೇನ್ ಗೊತ್ತಣ್ಣ," ಅಂದೆ. ಯೋಚನೆ ಮಾಡಿ ಆಡಿದ ಸುಳ್ಳಲ್ಲ. ಬಾಯಿ ತಾನೇ ಆಡಿತು, ಅಷ್ಟು ಅಭ್ಯಾಸವಾಗಿಬಿಟ್ಟಿದೆ ಅದಕ್ಕೆ.

ಹುಳ ಸಾಕದವರಿಗೆ ಅಣ್ಣನ ಪ್ರಶ್ನೆ ಅರ್ಥವಾಗಲಿಕ್ಕಿಲ್ಲ. ರೇಷ್ಮೆ ಹುಳ ಬಲು ನಾಜೂಕು. ಹುಳ ಇರುವ ಮನೆಯಲ್ಲಿ ಬೀಡಿ ಸೇದುವಂತಿಲ್ಲ, ಸೆಂಟು ಹಾಕುವಂತಿಲ್ಲ, ಹೊರಗಿನವರು ಕೈಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಸೊಳ್ಳೆ ಬತ್ತಿಯಂತೂ ಹಚ್ಚುವ ಮಾತೇ ಇಲ್ಲ. ಸೊಳ್ಳೆಯನ್ನು ಕೊಲ್ಲುವುದು ಹುಳವನ್ನು ಬಿಡುತ್ತದೆಯೇ? ನಮಗೆಲ್ಲ ಸೊಳ್ಳೆಪರದೆಯೇ ಗತಿ, ಅದೂ ಹರಿದದ್ದು.

ರಾಮನಗರದ ಸುತ್ತ ಗಾರ್ಮೆಂಟ್ಸುಗಳು ಎದ್ದ ಕಾಲ ಅದು. ನಾನೂ ಸೇರಿದ್ದೆ. ಬೆಳಿಗ್ಗೆ ಬಸ್ಸು, ದೀಪ ಹಚ್ಚುವ ಹೊತ್ತಿಗೆ ಮನೆ. ನಮ್ಮ ಲೈನಿನ ಹುಡುಗಿಯೊಬ್ಬಳು ಕೆಲಸ ಬಿಟ್ಟು ತನ್ನೂರಿಗೆ ಹೊರಟಾಗ ಈ ಮಿಷನ್ನನ್ನು ನನಗೆ ಕೊಟ್ಟಳು. ಹೊಗೆಯಿಲ್ಲ, ವಾಸನೆಯೂ ಅಷ್ಟಕ್ಕಷ್ಟೆ. ಹೊಗೆಯೇ ಇಲ್ಲ ಅಂದ ಮೇಲೆ ಹುಳಕ್ಕೇನಾಗುತ್ತೆ ಅಂದುಕೊಂಡೆ. ಗೊತ್ತಿರಲಿಲ್ಲ ಅಂದರೆ ಅದು ಅರ್ಧ ಸುಳ್ಳು — ಅಷ್ಟು ನಿರಾಳವಾಗಿದ್ದಿದ್ದರೆ ಅದನ್ನು ಟ್ರಂಕಿನ ಹಿಂದೆ ಮರೆಮಾಡಿ ಯಾಕೆ ಸಿಕ್ಕಿಸುತ್ತಿದ್ದೆ? ನನ್ನ ಕೋಣೆಗೂ ಹುಳದ ಮನೆಗೂ ನಡುವೆ ಒಂದೇ ಗೋಡೆ, ಅದೂ ಹೆಂಚಿನವರೆಗೆ ಎತ್ತರಿಸಿರಲಿಲ್ಲ. ಮೇಲೆ ಗಾಳಿ ಆ ಕಡೆಯಿಂದ ಈ ಕಡೆ ಆಡುತ್ತಿತ್ತು.

ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಮೇವಿಗೆ ಬಿದ್ದಿದ್ದವು. ಇನ್ನೇನು ಹಣ್ಣಾಗಬೇಕು. ಅಂಥ ಹೊತ್ತಿನಲ್ಲಿ ಅವು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಗೋಡೆಯಾಚೆಗೂ ಕೇಳುತ್ತದೆ. ಆ ರಾತ್ರಿ ಮಿಷನ್ನು ಹಾಕಿ ಚೆನ್ನಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಸದ್ದಿರಲಿಲ್ಲ. ಅವ್ವ ಕೂಗಿಕೊಂಡಳು. ತಟ್ಟೆತಟ್ಟೆಗಳಲ್ಲಿ ಹುಳಗಳು ತಲೆಯೆತ್ತಿ ತೂಗುತ್ತಾ ಹಸಿರು ಕಕ್ಕುತ್ತಿದ್ದವು.

ಅದು ವಿಷದ ಲಕ್ಷಣ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ವಿಷ ಎಲ್ಲಿಂದ ಬಂತು, ಅಷ್ಟೇ ಪ್ರಶ್ನೆ. ಅವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನನ್ನ ಮುಖಕ್ಕೆ ಬಂದಾಗ, ಅವಳು ಕೇಳುವ ಮೊದಲೇ ನಾನು ಹೇಳಿದೆ:

"ನಿನ್ನೆ ಬಸ್ಸಿಳಿದಾಗ ನೋಡ್ದೆ ಕಣವ್ವ. ಅತ್ಗೆ ಟೊಮಾಟೊ ಹೊಲದ ಬದೀಲಿ ಸೊಪ್ಪು ಕುಯ್ತಾ ಇದ್ರು."

ಅದು ನಿಜ. ಅವರು ಅಲ್ಲಿಯೇ ಕೊಯ್ಯುತ್ತಿದ್ದರು. ಪಕ್ಕದ ಹೊಲದವರು ಟೊಮಾಟೊಗೆ ಔಷಧಿ ಹೊಡೆದರೆ ಗಾಳಿಗೆ ನಮ್ಮ ಸೊಪ್ಪಿಗೂ ಬರುತ್ತದೆ, ಆ ಸಾಲನ್ನು ಬಿಟ್ಟು ಕೊಯ್ಯಬೇಕು — ಹುಳ ಸಾಕುವ ಮನೆಯ ಮಗುವಿಗೂ ಗೊತ್ತಿರುವ ಮಾತು. ಅತ್ತಿಗೆ ಕೋಡಿಹಳ್ಳಿ ಕಡೆಯವರು, ಅವರ ತವರಿನಲ್ಲಿ ದನ, ರಾಗಿ ಅಷ್ಟೇ; ಹುಳ ಕಂಡವರಲ್ಲ. ಮದುವೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. "ಆ ಕಡೆ ಕುಯ್ಯಬಾರ್ದು ಅಂತ ನಂಗೊತ್ತಿರ್ಲಿಲ್ಲ ಅತ್ತೆ" ಅಂದರು. ಅಷ್ಟು ಸಾಕಾಯಿತು. ಪಕ್ಕದ ಹೊಲದವರು ಬಂದು, ಈ ವಾರ ಔಷಧಿಯನ್ನೇ ಹೊಡೆದಿಲ್ಲ ಅಂತ ಆಣೆ ಮಾಡಿದರು. ಯಾರು ನಂಬುತ್ತಾರೆ? ಹೊಡೆದವರು ಹಾಗೇ ಹೇಳುವುದು.

ಸತ್ತ ಹುಳ ಹೂಳಲು ಗುಂಡಿ ತೋಡಿದವರು ಅತ್ತಿಗೆ. ಯಾರೂ ಹೇಳಿರಲಿಲ್ಲ, ತಾವೇ ಗುದ್ದಲಿ ತೆಗೆದುಕೊಂಡರು. ನಾನು ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಹೋದೆ.

ಅವ್ವ ಕೆಟ್ಟವಳಲ್ಲ. ಅತ್ತಿಗೆಯನ್ನು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಮುಂದಿನ ಸಲ ಸಾಕಲು ಹುಳದ ಮೊಟ್ಟೆ ತಂದ ದಿನ, "ಕೈಗುಣ ಎಲ್ರಿಗೂ ಬರಾಕಿಲ್ಲ ಕಣವ್ವ, ನೀನು ಒಲೆ ಕಡೆ ನೋಡ್ಕೊ ಸಾಕು" ಅಂದಳು. ನಯವಾಗಿಯೇ ಅಂದಳು. ಅಂದಿನಿಂದ ಅತ್ತಿಗೆ ಹುಳದ ಮನೆಯ ಹೊಸ್ತಿಲು ದಾಟಲಿಲ್ಲ. ಹುಳ ಹಣ್ಣಾದ ದಿನ ಅಕ್ಕಪಕ್ಕದವರೆಲ್ಲ ಬಂದು ಹುಳ ಆಯುತ್ತಾ, ಹರಟುತ್ತಾ ಕೂತಿರುವಾಗ ಅವರು ಹೊರಗಿನಿಂದ ಕಾಫಿ ಲೋಟ ಚಾಚುತ್ತಿದ್ದರು. ಬೇರೆಯವರ ಮನೆಯಲ್ಲಿ ಮೊಟ್ಟೆ ತಂದರೂ ಆ ಬೀದಿಯಲ್ಲಿ ಹೋಗುತ್ತಿರಲಿಲ್ಲ. ನನ್ನ ಮಗನನ್ನು ತೊಟ್ಟಿಲಿಗೆ ಹಾಕುವ ದಿನ, "ಅತ್ಗೆ, ನೀವೇ ಹಾಕಿ" ಅಂತ ಕೂಸನ್ನು ಚಾಚಿದೆ. "ಬ್ಯಾಡ ಮಂಜುಳ, ನನ್ ಕೈ ಬ್ಯಾಡ. ಬೇರೆ ಯಾರ್ ಕೈಲಾದ್ರೂ ಹಾಕ್ಸು" ಅಂದರು. ಆಗಲಾದರೂ — ಆಗಲೂ ಬಾಯಿ ಬಿಡಲಿಲ್ಲ. ಬೇರೆಯವರ ಕೈಲಿ ಹಾಕಿಸಿದೆ.

ಅವ್ವ ತೀರಿಕೊಂಡಳು. ಅಣ್ಣ ಹುಳ ಸಾಕುವುದನ್ನು ಬಿಟ್ಟು ಸೊಪ್ಪನ್ನೇ ಮಾರತೊಡಗಿದ. ಹುಳದ ಮನೆ ಹಳೇ ಸಾಮಾನಿನ ಕೋಣೆಯಾಯಿತು. ಎಲ್ಲ ಮುಗಿಯಿತು ಅಂತಲೇ ನಾನು ತಿಳಿದಿದ್ದೆ.

ಹೋದ ವಾರ ಅಟ್ಟದ್ದು ಇಳಿಸಿ ಆದ ಮೇಲೆ ಹುಳದ ಮನೆಯದನ್ನೂ ತೆಗೆಯಲು ನಿಂತೆವು. ಅಣ್ಣ ಟೆಂಪೊ ಕರೆಯಲು ಹೋಗಿದ್ದ. ನಾನು ಒಳಗಿನಿಂದ ಒಂದೊಂದೇ ತಟ್ಟೆ ಎತ್ತಿ ಕೊಡುತ್ತಿದ್ದೆ, ಅತ್ತಿಗೆ ಹೊರಗಿನಿಂದ ಕೈ ಚಾಚಿ ಇಸಿದುಕೊಳ್ಳುತ್ತಿದ್ದರು. ತಟ್ಟೆ ಜೋಡಿಸುವ ದೊಡ್ಡ ಸ್ಟ್ಯಾಂಡನ್ನು ಎತ್ತಲು ಒಬ್ಬಳ ಕೈಲಿ ಆಗಲಿಲ್ಲ. "ಒಂಚೂರು ಒಳಕ್ ಬಂದು ಹಿಡೀರಿ ಅತ್ಗೆ" ಅಂದೆ. ಅವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ನಿಮ್ಮಣ್ಣ ಬರ್ಲಿ ತಡಿ. ನಾನು ಬರಾಕಿಲ್ಲ."

ಒಳಗೆ ಒಂದು ಹುಳವಿಲ್ಲ. ಎಷ್ಟೋ ವರ್ಷದಿಂದ ಇಲ್ಲ. ನಾಳಿದ್ದು ಆ ಗೋಡೆಯೇ ಇರುವುದಿಲ್ಲ. ಆದರೂ —

ಅಲ್ಲೇ ಹೇಳಿದೆ. ಸ್ಟ್ಯಾಂಡನ್ನು ಹಿಡಿದುಕೊಂಡೇ ಹೇಳಿದೆ: ಮಿಷನ್ನು, ಟ್ರಂಕಿನ ಹಿಂದೆ, ಟೊಮಾಟೊ ಹೊಲದ ಮಾತು, ಎಲ್ಲ. ಬೇಗ ಮುಗಿಯಿತು. ಇಷ್ಟು ವರ್ಷ ಹೊತ್ತದ್ದು ಅಷ್ಟೇ ಇತ್ತು.

ಅತ್ತಿಗೆ ಅಳಲಿಲ್ಲ. ಸೆರಗಿನಲ್ಲಿ ಕೈಯ ಧೂಳು ಒರೆಸಿಕೊಂಡರು. "ಅತ್ತೆಗೆ ಗೊತ್ತಿತ್ತಾ?" ಅಂದರು.

"ಇಲ್ಲ."

"ನಿಮ್ಮಣ್ಣಂಗೆ?"

"ಇಲ್ಲ ಅತ್ಗೆ. ಯಾರಿಗೂ ಇಲ್ಲ."

ಹೊರಗಿಟ್ಟಿದ್ದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು. ನಾನು ಕಾಲಿಗೆ ಬೀಳಲೋ ಏನೋ ಅಂತ ಯೋಚಿಸುತ್ತಿದ್ದೆ. ಬೀಳಲಿಲ್ಲ, ಬಿದ್ದರೆ ಅವರೇ ನನ್ನನ್ನು ಎತ್ತಿ ಸಮಾಧಾನ ಹೇಳಬೇಕಾಗುತ್ತಿತ್ತು.

"ಆವತ್ತೇ ಹೇಳಿದ್ರೆ ಅತ್ತೆ ನಿನ್ನ ಒಂದಿನ ಬಯ್ಯೋರು ಕಣೆ ಮಂಜುಳ," ಅಂದರು ಕೊನೆಗೆ. "ಒಂದೇ ದಿನ. ನೀನು ಮಗಳಲ್ವಾ."

ನಿಜ. ಅವ್ವ ಬಾಯಿಗೆ ಬಂದಂತೆ ಬೈದು, ಸಂಜೆ ಹೊತ್ತಿಗೆ ತಾನೇ ಊಟಕ್ಕೆ ಕರೆಯುತ್ತಿದ್ದಳು. ನಾನು ಉಳಿಸಿಕೊಂಡದ್ದು ಆ ಒಂದು ದಿನದ ಬೈಗುಳ. ಅದಕ್ಕೆ ಬದಲಾಗಿ ಅವರ ಇಪ್ಪತ್ತು ವರ್ಷ ಹೋಯಿತು.

ಅಣ್ಣ ಬಂದ. ಅವನಿಗೂ ಹೇಳಿದೆ. ಅವನು ನನ್ನ ಮುಖ ನೋಡದೆ ಸ್ಟ್ಯಾಂಡನ್ನು ಬಿಚ್ಚತೊಡಗಿದ. ಈ ವಾರ ಫೋನು ಮಾಡಿಲ್ಲ, ನಾನೂ ಮಾಡಿಲ್ಲ.

ಹೊರಡುವಾಗ ಅತ್ತಿಗೆ ಗೇಟಿನವರೆಗೆ ಬಂದರು. ಕುಂಕುಮ ಕೊಟ್ಟರು, ಬಾಳೆಹಣ್ಣು ಕೊಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ನಮ್ಮಿಬ್ರಿಗೆ ಹೇಳ್ಬುಟ್ರೆ ಆಗೋಯ್ತಾ? ಊರಲ್ಲಿ ಹಂಗೇ ಐತಲ್ಲ."

ಹೊಸ ಮನೆಯ ಗೃಹಪ್ರವೇಶಕ್ಕೆ ಹೊಂಗನೂರಿನವರು, ಕೋಡಿಹಳ್ಳಿಯವರು, ಎಲ್ಲರೂ ಬರುತ್ತಾರೆ. ಅವತ್ತು ಪಂಕ್ತಿ ಕೂರುವ ಮುಂಚೆ ಎದ್ದು ನಿಂತು ಹೇಳುತ್ತೇನೆ. ಹಾಗಂತ ಅತ್ತಿಗೆಗೆ ಮಾತು ಕೊಟ್ಟೆ. ಬೇಡ ಅಂತಾರೇನೋ ಅಂತ ಒಂದು ಗಳಿಗೆ ಆಸೆಯಿಂದ ಅವರ ಮುಖ ನೋಡಿದೆ. ಅವರು ಬೇಡ ಅನ್ನಲಿಲ್ಲ.