ರಸ್ತೆಯ ಕಡೆಗೆ ಕಟ್ಟೆ

ತಿಮ್ಮಣ್ಣನಿಗೆ ಸ್ವಂತವಾಗಿ ಸಿಕ್ಕಿದ ಮೊದಲ ಕೆಲಸ ಒಂದು ಗೋಡೆ. ಮನೆಯಲ್ಲ, ಮಹಡಿಯಲ್ಲ, ಬರೀ ಕಾಂಪೌಂಡ್ ಗೋಡೆ. ಆದರೂ ಅದು ಸಿಕ್ಕ ದಿನ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕುಷ್ಟಗಿ ಕಡೆಯ ಹಳ್ಳಿಯಿಂದ ಹೆಂಡತಿ ಯಂಕವ್ವನ ಜೊತೆ ಮಣಿಪಾಲಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಅಷ್ಟೂ ವರ್ಷ ಬೆಳಿಗ್ಗೆ ಸರ್ಕಲ್ಲಿನಲ್ಲಿ ನಿಂತು, ಕರೆದವರ ಹಿಂದೆ ಹೋಗಿ, ಇನ್ನೊಬ್ಬರು ಕಟ್ಟಿದ ದಾರದ ಗುರುತಿಗೆ ಕಲ್ಲು ಇಟ್ಟವನು ಅವನು. ಈಗ ದಾರವೂ ಅವನದೇ, ಗುರುತೂ ಅವನದೇ.

ಕೆಲಸ ಕೊಟ್ಟವರು ಶಂಕರಪುರದ ತಾರಾನಾಥರು. ಹದಿನೈದು ವರ್ಷ ಅಬುಧಾಬಿಯಲ್ಲಿ ದುಡಿದು, ಹೆಂಡತಿ ಕುಶಲಾರೊಂದಿಗೆ ಊರಿಗೆ ಮರಳಿ, ಮಲ್ಲಿಗೆ ಗಿಡಗಳ ನಡುವೆ ಹೊಸ ಮನೆ ಕಟ್ಟಿಸಿದ್ದರು. ಮನೆ ಕಟ್ಟುವಾಗ ಬಂದಿದ್ದ ಹತ್ತಾರು ಮಂದಿಯಲ್ಲಿ ತಿಮ್ಮಣ್ಣನ ಕೈ ಅವರಿಗೆ ಹಿಡಿಸಿತ್ತು. "ಗೋಡೆ ನೀನೇ ಮಾಡು. ಚಂದ ಆದರೆ ಕುಕ್ಕುಂದೂರಿನಲ್ಲಿ ನನ್ನ ಭಾವನ ಮನೆ ಕಟ್ಟಲಿಕ್ಕೆ ಉಂಟು, ಅದನ್ನೂ ಪೂರ್ತಿ ನಿನಗೇ ಕೊಡಿಸುತ್ತೇನೆ" ಎಂದಿದ್ದರು. ಭಾವ ಎಂದರೆ ಕುಶಲಾರ ಅಣ್ಣ ಸುಕೇಶ್. ಒಂದು ಇಡೀ ಮನೆ! ಅದು ಕೈಗೆ ಬಂದರೆ ತಿಮ್ಮಣ್ಣ ಮೇಸ್ತ್ರಿ. ಬಾರದಿದ್ದರೆ ಮತ್ತೆ ಬೆಳಿಗ್ಗೆ ಎದ್ದು ಸರ್ಕಲ್ಲಿನಲ್ಲಿ ನಿಲ್ಲಬೇಕು. ಗಂಡಹೆಂಡಿರಿಬ್ಬರಿಗೂ ಇದು ಗೊತ್ತಿತ್ತು.

ಇಸವಿ ಎರಡು ಸಾವಿರದ ಎರಡು, ಫೆಬ್ರವರಿ ತಿಂಗಳು. ತಾರಾನಾಥರು ಯಾವುದೋ ಮದುವೆಗೆಂದು ಹದಿನೈದು ದಿನಕ್ಕೆ ಮುಂಬಯಿಗೆ ಹೊರಟರು. ಹೊರಡುವಾಗ ಕಾರಿನ ಬಾಗಿಲು ಹಿಡಿದುಕೊಂಡೇ, "ಗೋಡೆಗೆ ತಾಗಿ ಉದ್ದಕ್ಕೆ ಒಂದು ಕಟ್ಟೆಯನ್ನೂ ಮಾಡು ತಿಮ್ಮಣ್ಣ, ಸಂಜೆ ಕೂತುಕೊಳ್ಳುವುದಕ್ಕೆ ಆಗ್ತದೆ" ಎಂದರು. ಗೋಡೆಗೆ ಎರಡು ಮಗ್ಗುಲು ಇರುತ್ತವೆಂಬ ವಿಷಯ ಆ ಕ್ಷಣ ಅವರಿಗೂ ಹೊಳೆಯಲಿಲ್ಲ, ಇವನಿಗೂ ಹೊಳೆಯಲಿಲ್ಲ.

ತಿಮ್ಮಣ್ಣ ಕಂಡ ಲೋಕದಲ್ಲಿ ಕಟ್ಟೆ ಇರುವುದು ಬೀದಿಯ ಕಡೆಗೆ. ಅವನ ಊರಿನಲ್ಲಿ ಎರಡೇ ಅಂಕಣದ ಮಣ್ಣಿನ ಮನೆಗೂ ಹೊರಗೊಂದು ಕಟ್ಟೆ ಇದೆ. ಹಾದಿಯಲ್ಲಿ ಹೋಗುವವರು ಕೂರುತ್ತಾರೆ, ನೀರು ಕೇಳುತ್ತಾರೆ, ನಾಲ್ಕು ಮಾತಾಡಿ ಎದ್ದು ಹೋಗುತ್ತಾರೆ. ಆದ್ದರಿಂದ ಅವನು ಯೋಚಿಸಿದ್ದು ಬೇರೆಯದೇ ವಿಷಯ: ಕಟ್ಟೆ ಪಂಚಾಯತಿ ರಸ್ತೆಯ ಮೇಲೆ ಹೋಗಬಾರದು, ಸಾಹೇಬರಿಗೆ ತೊಂದರೆ ಬರಬಾರದು. ಹಾಗಾಗಿ ಇಡೀ ಗೋಡೆಯನ್ನೇ ಒಂದೂವರೆ ಅಡಿ ಒಳಕ್ಕೆ ಸರಿಸಿ ಅಡಿಪಾಯ ತೋಡಿದ. ಈ ಬುದ್ಧಿವಂತಿಕೆಗೆ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಕೆಲಸವನ್ನಂತೂ ದೇವರೇ ಒಪ್ಪುವಂತೆ ಮಾಡಿದ. ಕೆಂಪುಕಲ್ಲನ್ನು ಆರಿಸಿ ಆರಿಸಿ ಕೆತ್ತಿದ. ಗಾರೆ ಬಳಿದು ಕಲ್ಲಿನ ಬಣ್ಣವನ್ನು ಮುಚ್ಚಲು ಮನಸ್ಸು ಬಾರದೆ ಹಾಗೆಯೇ ಬಿಟ್ಟ. ಕಟ್ಟೆಯ ಎತ್ತರಕ್ಕೆ ಟೇಪು ಹಿಡಿಯಲಿಲ್ಲ. ಯಂಕವ್ವನನ್ನು ಕಲ್ಲುಗಳ ಮೇಲೆ ಕೂರಿಸಿ, ಕಾಲು ನೆಲಕ್ಕೆ ಸರಿಯಾಗಿ ಊರುವವರೆಗೆ ಏರಿಸಿ ಇಳಿಸಿ ನೋಡಿದ. "ಎಷ್ಟ ಸಲ ಏಳಸ್ತೀರಿ, ನಾ ಏನ್ ಕಲ್ಲೇನ್ರಿ?" ಎಂದು ಅವಳು ಬೈದಳು. ಬೆನ್ನು ಒರಗುವ ಕಡೆ ಗೋಡೆಯನ್ನು ಚೂರು ಓರೆ ಮಾಡಿದ. ಮೇಲೆ ಕೆಂಪು ಕಾವಿ ಹಾಕಿ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿದ. ಕುಶಲಾ ಚಾವಡಿಯಿಂದ ಎಲ್ಲವನ್ನೂ ನೋಡುತ್ತಿದ್ದರು. ಗಂಡನದೇ ಏನೋ ಹೊಸ ನಮೂನೆ ಇರಬೇಕೆಂದು ಅವರೂ ಸುಮ್ಮನಿದ್ದರು.

ಗುರುವಾರ ತಾರಾನಾಥರು ಕಾರಿನಿಂದ ಇಳಿದರು. ಗೋಡೆಯ ಒಳಗಡೆ ನೋಡಿದರು, ಕಟ್ಟೆಯಿಲ್ಲ. ಹೊರಗೆ ಬಂದು ನೋಡಿದರು. ಮುಖ ಕಲ್ಲಿನ ಬಣ್ಣಕ್ಕೆ ತಿರುಗಿತು.

"ಎಂತ ಮಾರಾಯ ಇದು? ಗೋಡೆಯ ಹೊರಗೆ ಯಾರಾದರೂ ಕಟ್ಟೆ ಕಟ್ಟುತ್ತಾರಾ?"

"ಕಟ್ಟಿ ಹೊರಗಽ ಇರೂದಲ್ರಿ ಸಾಹೇಬ್ರ. ಒಳಗ ಕುಂತ್ರ ಯಾರನ್ನ ನೋಡೂದು?"

"ಯಾರನ್ನೂ ನೋಡುವುದು ಬೇಡ ಅಂತಲೇ ಗೋಡೆ ಕಟ್ಟಿಸಿದ್ದು!"

ಒಂದೂವರೆ ಅಡಿಯ ವಿಷಯ ತಿಳಿದ ಮೇಲಂತೂ ಅವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತಮ್ಮ ಜಾಗವನ್ನು ಊರಿಗೆ ದಾನ ಕೊಟ್ಟ ಹಾಗಾಯಿತಲ್ಲ! ಕಡೆಗೆ ದನಿ ತಗ್ಗಿಸಿ ಹೇಳಿದರು: "ಭಾನುವಾರ ಸುಕೇಶ್ ಬರ್ತಾನೆ, ನಿನ್ನ ಕೆಲಸ ನೋಡಲಿಕ್ಕೆ. ಇದನ್ನು ನೋಡಿದರೆ ಜೀವಮಾನವಿಡೀ ನನ್ನನ್ನು ನಗಾಡ್ತಾನೆ. ಶನಿವಾರದ ಒಳಗೆ ಕಟ್ಟೆ ಇಲ್ಲಿರಬಾರದು. ಇದ್ದರೆ ಕುಕ್ಕುಂದೂರಿನ ಮಾತು ಮರೆತುಬಿಡು."

ತಿಮ್ಮಣ್ಣನಿಗೆ ನೋವಾದದ್ದು ಬೈಗುಳಕ್ಕಲ್ಲ. ಕೈಯಾರೆ ಮಾಡಿದ್ದರಲ್ಲಿ ಇಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ, ಅದನ್ನು ಕೈಯಾರೆ ಒಡೆಯಬೇಕಲ್ಲ ಎಂದು.

ಶುಕ್ರವಾರ ಹತ್ತು ಗಂಟೆಗೆ ಪಿಕಾಸಿ ಹೊತ್ತು ಬಂದರೆ ಕಟ್ಟೆಯ ಮೇಲೆ ಜಾಗವೇ ಇರಲಿಲ್ಲ. ಏಳೆಂಟು ಹೆಂಗಸರು ಸಾಲಾಗಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಬೆಳಿಗ್ಗೆ ಕೊಯ್ದ ಮೊಗ್ಗು ಹನ್ನೊಂದರ ಒಳಗೆ ಮಾಲೆಯಾಗಿ, ಸುತ್ತಿ ಚೆಂಡಾಗಬೇಕು. ಆ ಹೊತ್ತಿಗೆ ಹೂವಿನ ಏಜೆಂಟ್ ಸರ್ವೋತ್ತಮ ತನ್ನ ಎಂ-ಎಯ್ಟಿ ಗಾಡಿಯಲ್ಲಿ ಬಂದು ಒಯ್ಯುತ್ತಾನೆ. ಇಷ್ಟು ವರ್ಷ ಇವರೆಲ್ಲ ಅವರವರ ಮನೆಯಲ್ಲಿ ಹೂ ಕಟ್ಟಿ, ಆಮೇಲೆ ಇದೇ ರಸ್ತೆಯ ಬದಿಯಲ್ಲಿ ಬಿಸಿಲಿಗೆ ನಿಂತು ಅವನಿಗಾಗಿ ಕಾಯುತ್ತಿದ್ದರು. ಕಾವಿ ಒಣಗಿದ ಮರುದಿನವೇ ಕಟ್ಟೆ ಅವರ ಪಾಲಾಗಿತ್ತು.

"ಏಳ್ರವ್ವಾ, ಕಟ್ಟಿ ಒಡೀಬೇಕು" ಎಂದ ತಿಮ್ಮಣ್ಣ. ಧ್ವನಿ ಮೇಲೇಳಲಿಲ್ಲ.

ಪಕ್ಕದ ತೋಟದ ಲೊರ್ನಾ ಬಾಯಿ ತಲೆ ಎತ್ತಲಿಲ್ಲ. "ಸರ್ವೋತ್ತಮ ಬರಲಿ. ಹೂ ಕೊಟ್ಟು ಏಳುತ್ತೇವೆ. ಅಷ್ಟರ ತನಕ ನೀವೂ ನೆರಳಲ್ಲಿ ನಿಲ್ಲಿ."

ತಿಮ್ಮಣ್ಣನಿಗೆ ಅದೇ ಬೇಕಿತ್ತು. ಪಿಕಾಸಿಯನ್ನು ನೆಲಕ್ಕಿಟ್ಟು ಮಾವಿನ ನೆರಳಿಗೆ ಸರಿದ. ಸರ್ವೋತ್ತಮ ಮಾತ್ರ ಆವತ್ತೇ ತಡಮಾಡಬೇಕೆ! ಒಡೆಯುವ ಸದ್ದು ಕೇಳಿಸಲಿಲ್ಲವಲ್ಲ ಎಂದು ಕುಶಲಾ ಗೇಟು ದಾಟಿ ಹೊರಗೆ ಬಂದರು. ಊರಿಗೆ ಬಂದು ಎಂಟು ತಿಂಗಳಾಗಿತ್ತು; ಈ ಹೆಂಗಸರಲ್ಲಿ ಒಬ್ಬರ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಲೊರ್ನಾ ಬಾಯಿ ಸ್ವಲ್ಪ ಸರಿದು ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು.

"ಕೂತುಕೊಳ್ಳಿ ಅಕ್ಕಾ. ನಿಮ್ಮದೇ ಕಟ್ಟೆ ಅಲ್ವಾ."

ಕುಶಲಾ ಕೂತರು. ಯಾರೋ ಮಡಿಲಿಗೆ ಒಂದು ಹಿಡಿ ಮೊಗ್ಗು ಸುರಿದರು, ಇನ್ಯಾರೋ ನಾರು ಕೊಟ್ಟರು. ಕಾಪುವಿನ ತವರಿನಲ್ಲಿ ಮದುವೆಗೆ ಮುಂಚೆ ಕಟ್ಟಿದ್ದು, ಆಮೇಲೆ ಮುಟ್ಟಿರಲಿಲ್ಲ. ಮೊದಲ ಹತ್ತು ಮೊಗ್ಗು ಜಾರಿದವು. ಹನ್ನೊಂದನೆಯದು ನಿಂತಿತು. ಅಲ್ಲಿಂದ ಮಾತು ಶುರುವಾಯಿತು. ಯಾರ ಮಗಳನ್ನು ಎಲ್ಲಿಗೆ ಕೊಟ್ಟದ್ದು, ಯಾರ ಗಿಡಕ್ಕೆ ಯಾವ ಹುಳ, ಅಬುಧಾಬಿಯಲ್ಲಿ ಮಲ್ಲಿಗೆ ಸಿಗುತ್ತದಾ, ಅಲ್ಲಿ ಎಂತ ಅಡುಗೆ. ನಡುವೆ ಕುಶಲಾ ಎದ್ದು ಹೋಗಿ ಎಲ್ಲರಿಗೂ ಚಾ ಮಾಡಿ ತಂದರು. ಗೇಟು ಇದ್ದದ್ದು ಗೋಡೆಯ ಆ ತುದಿಯಲ್ಲಿ. ಅಲ್ಲಿಂದ ಸುತ್ತಿ ಬರುವಷ್ಟರಲ್ಲಿ ಅರ್ಧ ಚಾ ತಟ್ಟೆಯಲ್ಲಿತ್ತು.

ಉಡುಪಿಯಿಂದ ಮರಳಿದ ತಾರಾನಾಥರು ಕಂಡದ್ದು ಈ ದೃಶ್ಯ: ಪಿಕಾಸಿ ನೆಲದ ಮೇಲೆ, ಕೆಲಸದವನು ಮಾವಿನ ನೆರಳಲ್ಲಿ, ಹೆಂಡತಿ ರಸ್ತೆಯ ಬದಿಯಲ್ಲಿ ಕೂತು ಬಾಯಿ ತುಂಬ ನಗುತ್ತಿದ್ದಾಳೆ. ಬೈಯಲೆಂದೇ ಹತ್ತಿರ ಬಂದರು. ಕುಶಲಾ ಹೀಗೆ ನಕ್ಕದ್ದನ್ನು ಎಷ್ಟು ಕಾಲದಿಂದ ನೋಡಿಲ್ಲವೆಂದು ಲೆಕ್ಕ ಹಾಕಲು ಹೋಗಿ, ಲೆಕ್ಕ ಸಿಗದೆ ಅವರಿಗೆ ನಾಚಿಕೆಯಾಯಿತು.

"ತಿಮ್ಮಣ್ಣ, ಇಲ್ಲಿ ಸ್ವಲ್ಪ ಒಡೆಯಬೇಕು" ಎಂದರು ಕುಶಲಾ. ತಿಮ್ಮಣ್ಣ ಮನಸ್ಸಿಲ್ಲದೆ ಪಿಕಾಸಿ ಎತ್ತಿಕೊಂಡ. ಆದರೆ ಅವರು ತೋರಿಸಿದ್ದು ಕಟ್ಟೆಯನ್ನಲ್ಲ, ಬೆನ್ನಹಿಂದಿನ ಗೋಡೆಯನ್ನು. "ಇಲ್ಲೊಂದು ಕಿಟಕಿ ಇಡಿ. ಚಾ ಕೊಡುವುದಕ್ಕೆ ಅಷ್ಟು ದೂರ ಸುತ್ತಲಿಕ್ಕೆ ನನ್ನಿಂದ ಆಗುವುದಿಲ್ಲ."

"ಕಾಂಪೌಂಡಿಗೆ ಕಿಟಕಿಯಾ? ಸುಕೇಶ್ ನಗಾಡ್ತಾನೆ" ಎಂದರು ತಾರಾನಾಥರು. ಮಾತಿನಲ್ಲಿ ಮೊದಲಿನ ಬಿಸಿ ಇರಲಿಲ್ಲ.

"ನಗಾಡಲಿ. ಅಣ್ಣ ನಕ್ಕರೆ ನಮಗೆಂತ ನಷ್ಟ?"

ಭಾನುವಾರ ಸುಕೇಶ್ ಬಂದವರು ನಕ್ಕೇ ನಕ್ಕರು. ಹೊರಗಿನ ಕಟ್ಟೆ ನೋಡಿ ನಕ್ಕರು, ಗೋಡೆಯ ಕಿಟಕಿ ನೋಡಿ ಹೊಟ್ಟೆ ಹಿಡಿದು ನಕ್ಕರು. ತಿಮ್ಮಣ್ಣ ಗೇಟಿನ ಬಳಿ ತಲೆ ತಗ್ಗಿಸಿ ನಿಂತಿದ್ದ. ನಕ್ಕು ಸುಸ್ತಾಗಿ ಸುಕೇಶ್ ಅದೇ ಕಟ್ಟೆಯ ಮೇಲೆ ಕೂತರು. ಕಿಟಕಿಯಿಂದ ತಂಗಿ ಚಾ ಕೊಟ್ಟಳು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಮಾತಾಡಿಸಿದರು, ಅವರು ಸುಕೇಶರ ಶಾಲೆಯ ಹಳೆಯ ಗೆಳೆಯ ಎಂದು ಗೊತ್ತಾಯಿತು. ಒಂದು ಗಂಟೆ ಕಳೆದರೂ ಸುಕೇಶ್ ಏಳಲಿಲ್ಲ. ಕೊನೆಗೆ ತಿಮ್ಮಣ್ಣನನ್ನು ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನನ್ನ ಮನೆಯನ್ನು ಎಲ್ಲಿಂದ ಶುರು ಮಾಡ್ತೀರಿ?"

ಇಷ್ಟು ವರ್ಷ ತಿಮ್ಮಣ್ಣನ ಕೈಗೆ ಕೆಲಸ ಹೇಳಿದವರು ಬಹಳ, ಅವನ ಅಭಿಪ್ರಾಯ ಕೇಳಿದವರು ಇಲ್ಲ. ಕೂತದ್ದೂ ಇದೇ ಮೊದಲು. ತಾನು ಕಟ್ಟಿದ ಯಾವುದರ ಮೇಲೂ ಕೆಲಸ ಮುಗಿದ ಮೇಲೆ ಅವನು ಕೂತವನಲ್ಲ. ಕಟ್ಟೆ ಅವನ ಕಾಲಿಗೂ ಸರಿಯಾಗಿತ್ತು.

"ಮೊದಲಽ ಮನಿ ಬ್ಯಾಡ್ರಿ" ಎಂದ. "ಆ ಓಣ್ಯಾಗ ಮಂದಿ ಎಲ್ಲಿ ನಿಂದರತಾರ, ಅದನ್ನ ನೋಡಿ ಬರತೀನಿ. ಆಮೇಲೆ ಮನಿ ಮುಖ ಯಾ ಕಡೆ ಅಂತ ಹೇಳತೀನಿ."

ಸೋಮವಾರ ಕುಕ್ಕುಂದೂರಿನಲ್ಲಿ ಅವನು ಒಂದು ಕಲ್ಲನ್ನೂ ಮುಟ್ಟಲಿಲ್ಲ. ಯಂಕವ್ವನೊಂದಿಗೆ ಖಾಲಿ ಜಾಗದ ಅಂಚಿನಲ್ಲಿ ಕೂತು ದಾರಿಯನ್ನೇ ನೋಡುತ್ತಿದ್ದ. ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಅಲ್ಲೇ ಹೊರೆ ಇಳಿಸಿ, ಉಸಿರು ಬಿಟ್ಟು, ಇವರನ್ನು ಅನುಮಾನದಿಂದ ನೋಡಿದಳು.

"ಯಾರು ನೀವು? ಇಲ್ಲಿ ಎಂತ ಮಾಡ್ತಾ ಇದ್ದೀರಿ?"

ತಿಮ್ಮಣ್ಣ ಅವಳು ಹೊರೆ ಇಳಿಸಿದ ಜಾಗಕ್ಕೆ ಒಂದು ಗೂಟ ಹೊಡೆದು, ಎದ್ದು ನಿಂತು ಹೇಳಿದ: "ನಾ ಈ ಮನಿ ಮೇಸ್ತ್ರಿ ರೀ ಅವ್ವಾ."